ಕೈ ಸೋತಾಗ ಕೈಹಿಡಿದ ಕವಿಗಳು

ಇಂಗ್ಲಿಷ್ ಕಾವ್ಯವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುವ ವಸ್ತುವೆಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಹೈಸ್ಕೂಲಿನಲ್ಲಿ ಆ ಭಾಷೆಯನ್ನು ಕಲಿಸಿದ ನಾವು ಈ ಮಾತನ್ನು ಪಾಲಕರ ಬಾಯಿಂದ ಎಷ್ಟೋ ಸಲ ಕೇಳಿದ್ದೇವೆ. ಆದರೆ ಒಂದು ಕವಿತೆ ಇನ್ನೂರು ಮುನ್ನೂರು ವರ್ಷ ಜನರ ನಾಲಗೆಯ ಮೇಲೆ ಬಾಳಿ ಬಂದಿದೆಯೆಂದರೆ ಅದರ ಹಿಂದೆ ನೊಂದು ಬೆಂದ ಒಂದು ಜೀವವಿರುತ್ತದೆ. ಆ ಜೀವವನ್ನು ಅರಿತು ಓದಿದರೆ ಅದು ಪರಕೀಯವಾಗಿ ಉಳಿಯುವುದಿಲ್ಲ.

ಕಾಯಕವನ್ನೇ ಪೂಜೆಯೆಂದು ನಂಬಿದ ಪರಂಪರೆ ನಮ್ಮದು. ದುಡಿಯುವ ಕೈಗೆ ಶರಣರು ಕೊಟ್ಟ ಗೌರವ ದೊಡ್ಡದು. ಆದರೆ ಆ ಕೈಯೇ ಸೋತುಹೋದರೆ? ಲಕ್ವ ಹೊಡೆದು ಹಾಸಿಗೆ ಹಿಡಿದವರು, ಕಣ್ಣು ಕಳೆದುಕೊಂಡವರು, ಮುಪ್ಪಿನಿಂದ ಮೂಲೆ ಸೇರಿದವರು ತಮ್ಮ ಬಾಳಿನ ಅರ್ಥವನ್ನು ಎಲ್ಲಿ ಹುಡುಕಬೇಕು? ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕುಳಿತುಕೊಂಡಿತು. ಎಪ್ಪತ್ತೆಂಟನೆಯ ವಯಸ್ಸಿನವರೆಗೆ ಬಂದವರಿಗೆಲ್ಲ ರೊಟ್ಟಿ ಬಡಿದು ಉಣಬಡಿಸಿದ ನಮ್ಮ ತಾಯಿಯವರಿಗೆ ಒಂದು ಬೆಳಗಿನ ಜಾವ ಬಲಭಾಗ ಪೂರ್ತಿ ಬಿದ್ದುಹೋಯಿತು. ತೊದಲುವ ನಾಲಗೆಯಿಂದ ಅವರು ದಿನವೂ ಕೇಳುತ್ತಿದ್ದುದು ಒಂದೇ ಮಾತು: "ಕೈ ನಿಂತ ಮ್ಯಾಲ ಈ ಜೀವಾ ಯಾಕ ಇಟ್ಟಾನೋ ಶಿವಾ?"

ಅವರ ಹಾಸಿಗೆಯ ಬಳಿ ಕುಳಿತ ದಿನಗಳಲ್ಲಿ ನಮಗೆ ನೆನಪಾದವನು ಮಹಾಕವಿ ಜಾನ್ ಮಿಲ್ಟನ್. 1608ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವನು ಹನ್ನೆರಡನೆಯ ವಯಸ್ಸಿನಿಂದಲೇ ನಡುರಾತ್ರಿಯವರೆಗೆ ದೀಪದ ಮುಂದೆ ಓದುತ್ತಿದ್ದವನು. ರಾಜನಿಲ್ಲದ ಇಂಗ್ಲೆಂಡಿನ ಸರಕಾರದಲ್ಲಿ 1649ರಿಂದ ವಿದೇಶಗಳೊಡನೆ ಲ್ಯಾಟಿನ್ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹೊಣೆ ಹೊತ್ತಿದ್ದನು. 1652ರ ಹೊತ್ತಿಗೆ ಅವನ ಎರಡು ಕಣ್ಣುಗಳೂ ಪೂರ್ತಿ ಹೋದವು. ಅದೇ ವರ್ಷ ಹೆರಿಗೆಯ ಬೆನ್ನಿಗೆ ಹೆಂಡತಿ ತೀರಿಕೊಂಡಳು; ಕೆಲವೇ ವಾರಗಳಲ್ಲಿ ಎಳೆಯ ಮಗನೂ ಹೋದನು. ಬರೆಯಬೇಕೆಂದು ಎಳವೆಯಿಂದ ಕನಸು ಕಂಡ ಮಹಾಕಾವ್ಯದ ಕೆಲಸ ಇನ್ನೂ ಹಾಗೆಯೇ ಉಳಿದಿತ್ತು.

ತನ್ನ ಕುರುಡನ್ನು ಕುರಿತು ಮಿಲ್ಟನ್ ಬರೆದ ಹದಿನಾಲ್ಕು ಸಾಲಿನ ಸುನೀತ ಇಂಗ್ಲಿಷ್ ಬಲ್ಲವರೆಲ್ಲ ಮೆಚ್ಚಿದ ಕವಿತೆ. ಬೈಬಲ್ಲಿನಲ್ಲಿ ಒಂದು ಕಥೆಯಿದೆ. ಯಜಮಾನನೊಬ್ಬ ಊರಿಗೆ ಹೋಗುವಾಗ ಆಳುಗಳ ಕೈಗೆ ಹಣ ಕೊಟ್ಟು ಹೋಗುತ್ತಾನೆ. ಕೆಲವರು ಅದನ್ನು ದುಡಿಸಿ ಬೆಳೆಸುತ್ತಾರೆ. ಒಬ್ಬ ಮಾತ್ರ ನೆಲದಲ್ಲಿ ಹೂತಿಟ್ಟು ಯಜಮಾನನ ಕೋಪಕ್ಕೆ ಗುರಿಯಾಗುತ್ತಾನೆ. ದೇವರು ಕೊಟ್ಟ ಶಕ್ತಿ ತನ್ನಲ್ಲಿಯೂ ಹಾಗೆ ಹೂತುಹೋಯಿತೇ, ಬೆಳಕನ್ನು ಕಿತ್ತುಕೊಂಡವನು ದುಡಿಮೆಯ ಲೆಕ್ಕ ಕೇಳುವುದುಂಟೇ ಎಂದು ಕವಿ ತಳಮಳಿಸುತ್ತಾನೆ. ಕೊನೆಗೆ ಅವನ ತಾಳ್ಮೆಯೇ ಉತ್ತರ ಹೇಳುತ್ತದೆ: ದೇವರಿಗೆ ಮನುಷ್ಯನ ದುಡಿಮೆಯ ಹಂಗಿಲ್ಲ, ಹೊರೆಯನ್ನು ಸಮಾಧಾನದಿಂದ ಹೊತ್ತು, ಅಪ್ಪಣೆಗಾಗಿ ಕಾದಿರುವ ಜೀವವೂ ಅವನ ಸೇವೆಯಲ್ಲಿಯೇ ಇದೆ.

ಈ ಉತ್ತರ ಸೋಮಾರಿಯ ಸಮಾಧಾನವಲ್ಲವೆಂಬುದಕ್ಕೆ ಅವನ ಮುಂದಿನ ಬಾಳೇ ಸಾಕ್ಷಿ. 1660ರಲ್ಲಿ ರಾಜಪ್ರಭುತ್ವ ಮರಳಿದಾಗ ಅವನ ಪುಸ್ತಕಗಳನ್ನು ಸುಟ್ಟರು. ಅವನನ್ನು ಕೆಲಕಾಲ ಸೆರೆಯಲ್ಲಿಟ್ಟರು. ಆ ಕತ್ತಲೆಯಲ್ಲಿಯೇ ಅವನು ರಾತ್ರಿ ಮನಸ್ಸಿನಲ್ಲಿ ಸಾಲುಗಳನ್ನು ಕಟ್ಟಿ, ಬೆಳಗಾದೊಡನೆ ಬಂದವರಿಂದ ಬರೆಸಿದನು. ಹತ್ತು ಸಾವಿರಕ್ಕೂ ಹೆಚ್ಚು ಸಾಲುಗಳ 'ಪ್ಯಾರಡೈಸ್ ಲಾಸ್ಟ್' 1667ರಲ್ಲಿ ಹೊರಬಂದಿತು. ಪ್ರಕಾಶಕರಿಂದ ಅವನ ಕೈಗೆ ಮೊದಲು ಬಂದದ್ದು ಐದು ಪೌಂಡು. ಮೊದಲ ಮುದ್ರಣ ಮಾರಾಟವಾದ ಮೇಲೆ ಮತ್ತೆ ಐದು ಪೌಂಡು.

ಈ ಕಥೆಯನ್ನು ನಾವು ಕನ್ನಡದಲ್ಲಿ ಹೇಳಿದಾಗ ತಾಯಿಯವರು ಕಣ್ಣು ಮುಚ್ಚಿ ಕೇಳಿದರು. ಕುರುಡ ತಂದೆಗೆ ಹೆಣ್ಣುಮಕ್ಕಳು ತಮಗೆ ಅರ್ಥವಾಗದ ಭಾಷೆಗಳ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳಬೇಕಾಗಿತ್ತು, ಅದರಿಂದ ಅವರು ಬೇಸತ್ತಿದ್ದರು ಎಂಬ ಮಾತು ಬಂದಾಗ ಅವರು ಥಟ್ಟನೆ ಕೇಳಿದರು: "ತಾಯಿಲ್ಲದ ಕೂಸುಗಳು. ಅವುಗಳ ಹೊಟ್ಟಿಬಟ್ಟಿ ಯಾರು ನೋಡತಿದ್ರೋ?" ಬರಿಯ ಕವಿಯನ್ನು ಕಾಣುತ್ತ ಬಂದ ನಮಗೆ ಆ ಕವಿಯ ಮನೆಯನ್ನು ತೋರಿಸಿದ ಪ್ರಶ್ನೆಯಿದು. ಹಾಸಿಗೆ ಹಿಡಿದವರ ತಾಳ್ಮೆಯಷ್ಟೇ, ಅವರನ್ನು ನೋಡಿಕೊಳ್ಳುವವರ ತಾಳ್ಮೆಯೂ ದೊಡ್ಡದು. ನಮ್ಮ ಮನೆಯಲ್ಲಿ ಆ ಭಾರ ಹೊತ್ತವರು ನಮ್ಮ ಧರ್ಮಪತ್ನಿಯವರು. ಅವರ ಹೆಸರನ್ನು ಯಾವ ಕವಿತೆಯೂ ಹೇಳುವುದಿಲ್ಲ.

ಹೆಸರಿಲ್ಲದ ಇಂಥ ಜೀವಗಳಿಗಾಗಿಯೇ ಬರೆದಂತಿರುವುದು ಥಾಮಸ್ ಗ್ರೇ ಕವಿಯ ಶೋಕಗೀತೆ. ಹನ್ನೆರಡು ಮಕ್ಕಳಲ್ಲಿ ಬದುಕುಳಿದವನು ಇವನೊಬ್ಬನೇ. ತಂದೆ ಕ್ರೂರಿ, ತಾಯಿ ಡೊರೊಥಿ ತನ್ನ ಅಕ್ಕತಂಗಿಯೊಡನೆ ಲಂಡನ್ನಿನಲ್ಲಿ ಹೆಂಗಸರ ಟೋಪಿ, ಉಡುಪುಗಳ ಅಂಗಡಿ ನಡೆಸಿ, ಆ ದುಡಿಮೆಯಿಂದ ಮಗನನ್ನು ಹೆಸರಾಂತ ಈಟನ್ ಶಾಲೆಗೆ ಕಳುಹಿಸಿದಳು. ವಿಧವೆಯಾದ ಮೇಲೆ ಅವಳು ನೆಲೆಸಿದ ಸ್ಟೋಕ್ ಪೋಜಸ್ ಎಂಬ ಹಳ್ಳಿಯಲ್ಲಿ ಗ್ರೇ 1750ರಲ್ಲಿ ಈ ಕವಿತೆಯನ್ನು ಮುಗಿಸಿದನು. 1751ರಲ್ಲಿ ಅದು ಅಚ್ಚಾಯಿತು. ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಲಗಿದ ಬಡವರ ಸಮಾಧಿಗಳ ನಡುವೆ ನಿಂತ ಕವಿ, ಬಡತನ ತಡೆಯದಿದ್ದರೆ ಇವರಲ್ಲಿಯೂ ಒಬ್ಬ ಮಿಲ್ಟನ್ ಇರುತ್ತಿದ್ದನೇನೋ ಎಂದು ಯೋಚಿಸುತ್ತಾನೆ. ಉಳುವವರ, ಒಲೆ ಹೊತ್ತಿಸುವವರ ದುಡಿಮೆಯನ್ನು ದೊಡ್ಡವರು ಹಗುರಾಗಿ ಕಾಣಬಾರದೆಂದು ಎಚ್ಚರಿಸುತ್ತಾನೆ. 1753ರಲ್ಲಿ ತಾಯಿ ತೀರಿಕೊಂಡಾಗ, ಅನೇಕ ಮಕ್ಕಳನ್ನು ಹೆತ್ತ ಅವಳನ್ನು ಅಗಲಿ ಬದುಕುವ ದುರ್ದೈವ ಒಬ್ಬನಿಗೆ ಮಾತ್ರ ಬಂದಿತೆಂಬ ಅರ್ಥದ ಮಾತನ್ನು ಅವಳ ಸಮಾಧಿಯ ಮೇಲೆ ಬರೆಸಿದನು. 1771ರಲ್ಲಿ ಅವನನ್ನೂ ಅವಳ ಸಮಾಧಿಯಲ್ಲಿಯೇ ಇಟ್ಟರು.

ದಿನಗಳು ವರ್ಷಗಳಾದಂತೆ ಮುಂದೇನೆಂಬ ದಿಗಿಲು ಮನೆಮಂದಿಯನ್ನೆಲ್ಲ ಕವಿಯಿತು. ಡಾಕ್ಟರರಿಗೂ ಹೇಳಲು ಹೆಚ್ಚೇನೂ ಇರಲಿಲ್ಲ. ಆಗ ನೆರವಿಗೆ ಬಂದದ್ದು ಜಾನ್ ಹೆನ್ರಿ ನ್ಯೂಮನ್ ಅವರ ಪ್ರಾರ್ಥನೆ. ಆಕ್ಸ್‌ಫರ್ಡಿನ ಈ ತರುಣ ಧರ್ಮಗುರುಗಳು 1833ರಲ್ಲಿ ಸಿಸಿಲಿ ದ್ವೀಪದಲ್ಲಿ ಒಂಟಿಯಾಗಿ ತಿರುಗುತ್ತಿದ್ದಾಗ ಜ್ವರ ಬಂದು ಸಾವಿನ ಬಾಗಿಲಿಗೆ ಹೋದರು. ಚೇತರಿಸಿಕೊಂಡ ಮೇಲೆ ಊರು ಸೇರುವ ತವಕ. ಆದರೆ ಪಲೆರ್ಮೊ ಬಂದರಿನಲ್ಲಿ ಹಡಗಿಗಾಗಿ ಮೂರು ವಾರಗಳಷ್ಟು ಕಾಯಬೇಕಾಯಿತು. ಕೊನೆಗೆ ಕಿತ್ತಳೆ ಹಣ್ಣು ಸಾಗಿಸುವ ದೋಣಿಯೊಂದು ಸಿಕ್ಕಿತು. ಅದೂ ಕಾರ್ಸಿಕ, ಸಾರ್ಡೀನಿಯ ದ್ವೀಪಗಳ ನಡುವೆ ಗಾಳಿಯಿಲ್ಲದೆ ಒಂದು ವಾರ ನಿಂತುಬಿಟ್ಟಿತು. ಆ ನಿಂತ ನೀರಿನ ಮೇಲೆ, ಜೂನ್ 16ರಂದು, ಈ ಕವಿತೆ ಹುಟ್ಟಿತು. ಪಯಣದ ಕೊನೆಯನ್ನು ತೋರಿಸೆಂದು ಇಲ್ಲಿ ಕವಿ ಹಠ ಹಿಡಿಯುವುದಿಲ್ಲ; ಸದ್ಯದ ನಡಿಗೆಗೆ ಬೇಕಾದಷ್ಟು ಬೆಳಕನ್ನು ಮಾತ್ರ ಬೇಡುತ್ತಾನೆ. ಗಾಂಧೀಜಿಯವರಿಗೆ ಇದು ಅಚ್ಚುಮೆಚ್ಚಿನದಾಗಿತ್ತು. ಬಿ.ಎಂ. ಶ್ರೀಕಂಠಯ್ಯನವರು ಇದನ್ನು ತಮ್ಮ 'ಇಂಗ್ಲಿಷ್ ಗೀತಗಳು' ಸಂಕಲನದ ಮೂಲಕ ಕನ್ನಡದ ಪ್ರಾರ್ಥನೆಯನ್ನಾಗಿಯೇ ಮಾಡಿಕೊಟ್ಟರು. ನಮ್ಮ ಮೊಮ್ಮಗಳು ಸಂಜೆ ಅದನ್ನು ಹಾಡುತ್ತಿದ್ದಾಗ, ಬರೆದವರು ಯಾವ ದೇಶದವರು, ಯಾವ ಮತದವರು ಎಂದು ತಾಯಿಯವರು ಕೇಳಲಿಲ್ಲ.

ಒಂದು ದಿನ ಪೂಜೆಯ ಹೊತ್ತಿನಲ್ಲಿ ಮೊಮ್ಮಗಳು ಅವರ ಹಣೆಗೆ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಅವರ ಎಡಗೈಯಲ್ಲಿಟ್ಟಳು. ತಾಯಿಯವರು ಬಹಳ ಹೊತ್ತು ಅಂಗೈಯನ್ನೇ ನೋಡುತ್ತಿದ್ದು ಮೆಲ್ಲಗೆ ಹೇಳಿದರು: "ದುಡಿಯೋ ಕೈ ತಗೊಂಡಾನ. ಲಿಂಗಾ ಹಿಡಿಯೋ ಕೈ ನನಗ ಬಿಟ್ಟಾನ." ಮಿಲ್ಟನ್ನನ ಸುನೀತಕ್ಕೆ ನಾವು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ಅರ್ಥಕ್ಕಿಂತ ಈ ಎರಡು ಮಾತು ಹೆಚ್ಚಿನದೆಂದು ನಮಗೆ ಅನಿಸಿತು. ಅಂದಿನಿಂದ ಅವರು ಆ ಹಳೆಯ ಪ್ರಶ್ನೆಯನ್ನು ಕೇಳಲಿಲ್ಲ. ಮೊಮ್ಮಕ್ಕಳ ಪಾಠ ಕೇಳುವುದು, ನೆರೆಹೊರೆಯ ಹೆಣ್ಣುಮಕ್ಕಳ ಕಷ್ಟಸುಖಕ್ಕೆ ಕಿವಿಯಾಗುವುದು ಅವರ ಕಾಯಕವಾಯಿತು. ಮತ್ತೊಂದು ವರ್ಷ ಬದುಕಿದ್ದು ಅವರು ಲಿಂಗೈಕ್ಯರಾದರು.

ಓದುಗ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಮಕ್ಕಳು ಶಾಲೆಯಲ್ಲಿ ಕಲಿತುಬರುವ ಕವಿತೆಗಳನ್ನು ಅಂಕಗಳಿಗಷ್ಟೇ ಬಿಟ್ಟುಕೊಡಬೇಡಿರಿ. ಅವನ್ನು ಬರೆದವರ ಬಾಳು ಹೇಗಿತ್ತೆಂದು ಮಕ್ಕಳಿಂದ ಕೇಳಿ ತಿಳಿಯಿರಿ. ಮನೆಯ ಹಿರಿಯರ ಹಾಸಿಗೆಯ ಬಳಿ ಕುಳಿತು ಕನ್ನಡದಲ್ಲಿ ಹೇಳಿಸಿರಿ. ವಚನಗಳನ್ನು ಕಂಠಸ್ಥ ಮಾಡಿದ ನಾಲಗೆಗೆ ಈ ಕವಿತೆಗಳು ಭಾರವಾಗಲಾರವು. ಅನುಭಾವ ಎಲ್ಲಿಂದ ಬಂದರೂ ಅದನ್ನು ಬರಮಾಡಿಕೊಳ್ಳುವ ಮನಸ್ಸು ನಮ್ಮದಾಗಿರಲಿ. ಹಾಸಿಗೆ ಹಿಡಿದ ಹಿರಿಯರು ತಾವು ಮನೆಗೆ ಭಾರವೆಂದು ಕೊರಗದಂತೆ ನೋಡಿಕೊಳ್ಳುವುದೂ ಒಂದು ದಾಸೋಹವೆಂದು ನಾವು ಬಗೆಯೋಣ.