ನಮ್ಮ ಟೀಮಿಗೆ ಯಾರು ಬೇಕು?

ಇಂಥ ಪತ್ರಿಕೆಯಲ್ಲಿ ಫುಟ್‌ಬಾಲಿನ ಬಗ್ಗೆ ಬರೆಯುವುದೇ ಎಂದು ಕೆಲವು ಗೆಳೆಯರು ಹುಬ್ಬೇರಿಸಬಹುದು. ಹೊಟ್ಟೆ ತುಂಬಿದವರ ಆಟದ ಸುದ್ದಿ ನಮಗ್ಯಾಕೆ ಅನ್ನಬಹುದು. ಅವರಿಗೆ ಮೊದಲೇ ಹೇಳಿಬಿಡುತ್ತೇವೆ, ಬೆಂಗಳೂರಿನಲ್ಲಿ ಇದು ಹೊಟ್ಟೆ ತುಂಬಿದವರ ಆಟ ಆಗಿರಲಿಲ್ಲ. ದಂಡು ಪ್ರದೇಶದಲ್ಲಿ ಬಿಳಿ ಸೋಲ್ಜರುಗಳು ಬೂಟು ಹಾಕಿಕೊಂಡು ಆಡುತ್ತಿದ್ದರು. ಅವರ ಕುದುರೆ ಲಾಯ, ಅಡುಗೆ ಮನೆ, ಕಕ್ಕಸು ನೋಡಿಕೊಳ್ಳುತ್ತಿದ್ದವರ ಮಕ್ಕಳು ಬೇಲಿ ಆಚೆ ನಿಂತು ನೋಡಿ, ಬರಿಗಾಲಲ್ಲಿ ಕಲಿತರು. ಕ್ರಿಕೆಟ್ಟಿಗಾದರೆ ಬ್ಯಾಟು ಬೇಕು, ಪ್ಯಾಡು ಬೇಕು. ಇದಕ್ಕೆ ಒಂದು ಚೆಂಡು ಸಾಕು. ಅದೂ ಇಲ್ಲದಿದ್ದರೆ ಚಿಂದಿ ಬಟ್ಟೆ ಸುತ್ತಿ ಹುರಿ ಕಟ್ಟಿದರೂ ನಡೆಯುತ್ತಿತ್ತು.

ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಬುದ್ಧ, ಬಾಬಾಸಾಹೇಬರು, ಮದರ್ ತೆರೇಸಾ ಇರುವ ಕಡೆಯೇ ಬ್ರೆಜಿಲ್ಲಿನ ಪೆಲೆಯನ್ನೂ ಜನ ಪ್ರತಿಮೆ ಮಾಡಿ ನಿಲ್ಲಿಸಿಕೊಂಡಿದ್ದಾರೆ. ಬಡವರ ಮನೆಯ ಕರಿ ಹುಡುಗನೊಬ್ಬ ಜಗತ್ತನ್ನು ಗೆದ್ದ ಅನ್ನೋದೇ ಅವರಿಗೆ ಸಾಕಾಗಿತ್ತು. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ನೀಲಸಂದ್ರ, ಇವು ಬೆಂಗಳೂರಿನ ಫುಟ್‌ಬಾಲ್ ಕೇರಿಗಳು. ನಾವೂ ಇಂಥದೇ ಕಡೆ ಬೆಳೆದವರು. ಮನೆಯಲ್ಲಿ ತಮಿಳು, ಓಣಿಯಲ್ಲಿ ಉರ್ದು, ಸ್ಕೂಲಿನಲ್ಲಿ ಕನ್ನಡ, ಮೈದಾನದಲ್ಲಿ ಮೂರೂ ಬೆರೆಸಿದ ಬೈಗುಳ.

ಈ ಕೇರಿಗಳ ಆಟ ಸಣ್ಣದಲ್ಲ. ಬಿಳಿಯರ ಪಲ್ಟನ್ನುಗಳೇ ಗೆಲ್ಲುತ್ತಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ, ಮತ್ತೆ 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದುಕೊಂಡು ಬಂತು. ಸ್ವತಂತ್ರ ಭಾರತ ಒಲಿಂಪಿಕ್ಸಿನಲ್ಲಿ ಆಡಿದ ಮೊದಲ ಫುಟ್‌ಬಾಲ್ ಪಂದ್ಯ 1948ರ ಜುಲೈ 31ರಂದು, ಲಂಡನ್ನಿನ ಹತ್ತಿರದ ಇಲ್ಫೋರ್ಡಿನಲ್ಲಿ, ಫ್ರಾನ್ಸಿನ ವಿರುದ್ಧ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. 2-1ರಲ್ಲಿ ಸೋತರು. ನಮ್ಮ ಕಡೆಯ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹಮದ್ ಖಾನ್ ಕೂಡ ಇಲ್ಲಿಯವರೇ. ನಮ್ಮ ಹಿರಿಯರು ಈ ಹೆಸರುಗಳನ್ನು ಮನೆದೇವರ ಹೆಸರಿನ ಹಾಗೆ ಹೇಳುತ್ತಿದ್ದರು.

ಇಷ್ಟು ಹೇಳಿದ್ದು ಯಾಕೆಂದರೆ ನಾವು ಈಗ ಹೇಳಲು ಹೊರಟಿರುವುದು ಬೆಂಗಳೂರು ಎಫ್‌ಸಿಯ ಬಗ್ಗೆ. ನೀಲಿ ಅಂಗಿಯ ಈ ತಂಡವನ್ನು 2013ರಲ್ಲಿ ಒಂದು ದೊಡ್ಡ ಉಕ್ಕಿನ ಕಂಪೆನಿಯವರು ಕಟ್ಟಿದರು. ಧಣಿಗಳ ತಂಡ ಅಂತ ನಾವು ಮೊದಲು ಮೂಗು ಮುರಿದದ್ದು ನಿಜ. ಆದರೆ ಅಶೋಕನಗರದ ಸ್ಟೇಡಿಯಮ್ಮಿನಲ್ಲಿ ಆಡಿದ ಮೊದಲ ವರ್ಷವೇ ಅವರು ಐ-ಲೀಗ್ ಗೆದ್ದರು. ಆಮೇಲೆ ಮೂಗು ಮುರಿಯುವ ಬಾಯಲ್ಲೇ ಜೈಕಾರ ಬಂತು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತನಕ ಹೋದರು. ಅಲ್ಲಿಗೆ ಮುಟ್ಟಿದ ಮೊದಲ ಭಾರತೀಯ ತಂಡ ಅದು. 2019ರ ಮಾರ್ಚಿನಲ್ಲಿ ಮುಂಬೈಯಲ್ಲಿ ಗೋವಾವನ್ನು ಹೆಚ್ಚುವರಿ ಸಮಯದ ಒಂದೇ ಗೋಲಿನಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಗೆದ್ದರು. 2022ರಲ್ಲಿ ಡ್ಯುರಾಂಡ್ ಕಪ್ಪೂ ಬಂತು. ಕಂಠೀರವದ ಪಶ್ಚಿಮದ ಗ್ಯಾಲರಿಯಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಎನ್ನುವ ಗುಂಪಿನ ಹುಡುಗ ಹುಡುಗಿಯರು ತೊಂಬತ್ತು ನಿಮಿಷವೂ ಹಾಡುತ್ತಾರೆ. ನಾವು ಹಾಡುವವರಲ್ಲ, ಬೈಯುವವರು. ಟಿಕೆಟ್ಟು ಇಬ್ಬರೂ ತಗೊಂಡಿರುತ್ತೇವೆ.

ಈಗ ಆಟದ ಲೆಕ್ಕಕ್ಕೆ ಬರೋಣ. ನಮ್ಮ ಟೀಮು ಸೂಪರ್ ಲೀಗಿನ ಮೂರು ಫೈನಲ್ ಸೋತಿದೆ. 2018ರಲ್ಲಿ ನಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್ ವಿರುದ್ಧ 3-2. 2023ರಲ್ಲಿ ಗೋವಾದಲ್ಲಿ ಮೋಹನ್ ಬಾಗಾನ್ ವಿರುದ್ಧ 2-2 ಆಗಿ ಪೆನಾಲ್ಟಿ ಶೂಟೌಟಿನಲ್ಲಿ. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ಅದೇ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1. ಶೂಟೌಟು ಬಿಟ್ಟರೆ ಮೂರೂ ಫೈನಲ್ಲಿನಲ್ಲಿ ಸೇರಿ ನಾವು ಬಿಟ್ಟುಕೊಟ್ಟ ಗೋಲು ಏಳು. ಅದರಲ್ಲಿ ಎರಡು ಕಾರ್ನರ್ ಕಿಕ್ಕಿಗೆ ತಲೆ ಕೊಟ್ಟದ್ದು, ಮೂರು ಪೆನಾಲ್ಟಿ. ಅಂದರೆ ಏಳರಲ್ಲಿ ಐದು ಗೋಲು, ಆಟ ನಿಂತು ಚೆಂಡನ್ನು ಇಟ್ಟು ಒದ್ದಾಗ ಆದದ್ದು. ಓಡುವಾಗ ನಮ್ಮನ್ನು ಯಾರೂ ಅಷ್ಟು ಸುಲಭವಾಗಿ ಸೋಲಿಸಿಲ್ಲ. ನಿಂತಾಗ ನಾವು ಗಾಬರಿ ಬೀಳುತ್ತೇವೆ. ಕೈ ಎತ್ತುತ್ತೇವೆ, ಕಾಲು ಕೊಡುತ್ತೇವೆ, ನಮ್ಮವನನ್ನು ಬಿಟ್ಟು ಚೆಂಡನ್ನೇ ನೋಡುತ್ತೇವೆ.

2025ರ ಆ ರಾತ್ರಿ ನಮ್ಮ ಓಣಿಯ ಟೀ ಅಂಗಡಿಯಲ್ಲಿ ಒಂದು ಟೀವಿ, ಮೂವತ್ತು ತಲೆ. ನಮಗೆ ಬಂದ ಒಂದು ಗೋಲು ಕೂಡ ಅವರ ಬ್ಯಾಕಿನವನ ಕಾಲಿಗೆ ತಗುಲಿ ಒಳಗೆ ಹೋದದ್ದು. ಆದರೂ ಕುಣಿದೆವು. ಎಪ್ಪತ್ತನೇ ನಿಮಿಷದ ಹೊತ್ತಿಗೆ ಚೆಂಡು ನಮ್ಮವನ ಕೈಗೆ ಬಡಿಯಿತು. ಅಂಗಡಿಯ ಅಣ್ಣ ಒಲೆ ಆರಿಸಿದ. ‘ಮುಗೀತು ಬಿಡ್ರಪ್ಪಾ, ನಂಗೊತ್ತು’ ಅಂದ. ಅವನಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಇನ್ನೊಂದು ಲೆಕ್ಕ. 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ನಾವು ಹತ್ತನೆಯವರು. ಕಂಠೀರವದಲ್ಲೇ ಮುಂಬೈ ಸಿಟಿ ನಾಲ್ಕು ಗೋಲು ಹೊಡೆದು ಹೋಯಿತು, ಮಾರನೇ ದಿನ ಕೋಚಿನ ಕೆಲಸವೂ ಹೋಯಿತು. ಮುಂದಿನ ವರ್ಷ ಮೂರನೆಯವರಾಗಿ, ಅದೇ ಮುಂಬೈಗೆ ನಾಕೌಟಿನಲ್ಲಿ ಐದು ಗೋಲು ಹೊಡೆದು ಫೈನಲ್ಲಿಗೆ ಹೋದೆವು. ಈ ಏಳುವಿಕೆಯಲ್ಲಿ ಸುನಿಲ್ ಛೆಟ್ರಿಯ ಪಾಲು ಎಷ್ಟು ಗೊತ್ತೇ? ಹದಿನಾಲ್ಕು ಗೋಲು. ಆತನಿಗೆ ಆಗ ನಲವತ್ತು ವರ್ಷ. 2024ರ ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಒಬ್ಬನೇ ಮೂರು ಹೊಡೆದ. ಸೆಮಿಫೈನಲ್ಲಿನ ಎರಡನೇ ಪಂದ್ಯದಲ್ಲಿ ಕೊನೇ ಗಳಿಗೆಗೆ ಬಂದು ತಲೆ ಕೊಟ್ಟು ನಮ್ಮನ್ನು ದಾಟಿಸಿದವನೂ ಅವನೇ. ಅವನಿಗೆ ಕೈ ಮುಗಿಯುತ್ತೇವೆ. ಆದರೆ ನಲವತ್ತರ ಯಜಮಾನ ದುಡಿದು ಹಾಕಿದರೇ ಒಲೆ ಉರಿಯುವ ಮನೆಯನ್ನು ನೋಡಿ ಯಾರಾದರೂ ಹಿಗ್ಗುತ್ತಾರಾ? ಆ ಮನೆಯ ಗಂಡುಮಕ್ಕಳು ಏನು ಮಾಡ್ತಿದ್ದಾರೆ ಅಂತ ಕೇಳುತ್ತಾರೆ.

ಹಾಗಾಗಿ ನಮ್ಮ ಬೇಡಿಕೆ ಸರಳ. ಒಬ್ಬ ಎತ್ತರದ ಬ್ಯಾಕು ಬೇಕು. ಕಾರ್ನರ್ ಬಂದಾಗ ಬಾಯಿ ಬಿಟ್ಟು ಉಳಿದವರನ್ನು ನಿಲ್ಲಿಸಿ, ಮೊದಲ ಚೆಂಡಿಗೆ ತಾನೇ ತಲೆ ಕೊಡುವವನು. ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಸೆಂಟರ್ ಫಾರ್ವರ್ಡ್ ಬೇಕು. ಅವನಿಗೆ ಎರಡು ವರ್ಷ ತಪ್ಪು ಮಾಡಲು ಬಿಡಬೇಕು. ನಡುವಿನಲ್ಲಿ ಚೆಂಡು ಹಿಡಿದು ಆಟವನ್ನು ನಿಧಾನ ಮಾಡುವ ಒಬ್ಬ ಬೇಕು. ಮುನ್ನಡೆ ಸಿಕ್ಕ ಮೇಲೂ ನಾವು ಮದುವೆ ಮನೆಗೆ ತಡವಾದವರ ಹಾಗೆ ಓಡುತ್ತೇವೆ.

ಇವರು ಎಲ್ಲಿಂದ ಬರಬೇಕು? ಸ್ಪೇನಿನಿಂದ ತರಬಹುದು, ತಂದಿದ್ದಾರೆ. ಮಣಿಪುರ, ಮಿಜೋರಾಮಿನ ಹುಡುಗರು ಬಂದಿದ್ದಾರೆ, ಚೆನ್ನಾಗಿ ಆಡುತ್ತಾರೆ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಹೊರಗಿನವರನ್ನು ಕಳಿಸಿ ಎನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು. ನಮ್ಮ ಅಜ್ಜಂದಿರೂ ಕೂಲಿ ಹುಡುಕಿಕೊಂಡು ಹೊರಗಿನಿಂದ ಬಂದವರೇ. ನಾವು ಕೇಳುವುದು ಬೇರೆ. ಬೆಂಗಳೂರು ಅಂತ ಎದೆಯ ಮೇಲೆ ಬರೆದುಕೊಂಡ ತಂಡದಲ್ಲಿ, ಬೆಂಗಳೂರಿನ ಈ ಕೇರಿಗಳ ಹುಡುಗರು ಕೈಬೆರಳಲ್ಲಿ ಎಣಿಸುವಷ್ಟೂ ಕಾಣುವುದಿಲ್ಲವಲ್ಲ, ಯಾಕೆ? 2024ರ ಸೆಪ್ಟೆಂಬರಿನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಹತ್ತೊಂಬತ್ತರ ವಿನಿತ್ ವೆಂಕಟೇಶ್ ಎನ್ನುವ ಊರ ಹುಡುಗ ಒಂದೇ ಗೋಲು ಹೊಡೆದು ಪಂದ್ಯ ಗೆಲ್ಲಿಸಿದಾಗ ನಾವು ಅಪರಿಚಿತರನ್ನೆಲ್ಲ ಅಪ್ಪಿಕೊಂಡೆವು. ಒಬ್ಬ ಊರ ಹುಡುಗನ ಗೋಲು ಅಷ್ಟು ಅಪರೂಪದ ಹಬ್ಬ ಆಗಬೇಕಿತ್ತೇ?

ಆಡುವವರೇ ಇಲ್ಲ ಅನ್ನುವಂತಿಲ್ಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದಾಗ ಗೆದ್ದದ್ದು, ಆಮೇಲೆ ಐವತ್ತನಾಲ್ಕು ವರ್ಷ ಕಾದದ್ದು. ಎರಡೇ ವಾರದ ಮೇಲೆ ಬೆಂಗಳೂರು ಎಫ್‌ಸಿ ಗೋವಾದಲ್ಲಿ ಸೋತಿತು. ನಮ್ಮ ಓಣಿಯಲ್ಲಿ ಆ ಸೋಲಿನ ಮಾತು ಆರು ತಿಂಗಳು ನಡೆಯಿತು. ಈ ಗೆಲುವಿನ ಮಾತು ಆರು ದಿನವೂ ನಡೆಯಲಿಲ್ಲ.

ಕ್ಲಬ್ಬಿನವರು ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಕಲಿಸುವ ಅಕಾಡೆಮಿ ಮಾಡಿದ್ದಾರೆ. ಅವರ ಎಳೆಯರ ತಂಡ 2022ರಲ್ಲಿ, 2023ರಲ್ಲಿ ದೇಶದ ಡೆವಲಪ್‌ಮೆಂಟ್ ಲೀಗನ್ನೇ ಗೆದ್ದಿತು. ಆದರೆ ಅಕಾಡೆಮಿಯ ಬಾಗಿಲ ತನಕ ಹೋಗುವ ಮೊದಲೇ ನಿಂತುಬಿಡುವ ಹುಡುಗರ ಕಥೆ ಯಾವ ಕ್ಲಬ್ಬಿನ ಪುಸ್ತಕದಲ್ಲೂ ಇರುವುದಿಲ್ಲ. ಅಂಥ ಒಂದು ಕಥೆ ನಮಗೆ ಗೊತ್ತು. ಅದನ್ನು ಹೇಳದೆ ಈ ಬರಹ ಮುಗಿಸಿದರೆ ನಾವು ಕಳ್ಳರಾಗುತ್ತೇವೆ.

ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿದ್ದ. ಹದಿನಾರಕ್ಕೇ ಆರಡಿ. ಅಪ್ಪ ಪೌರಕಾರ್ಮಿಕ, ಅಮ್ಮ ಮೂರು ಮನೆಯ ಪಾತ್ರೆ ತಿಕ್ಕುತ್ತಿದ್ದಳು. ಬ್ಯಾಕಿನಲ್ಲಿ ಆಡುತ್ತಿದ್ದ. ಚೆಂಡು ಮೇಲೆ ಬಂತೆಂದರೆ ಅವನ ತಲೆ ಮೊದಲು. ನಾವು ಆಡಿ ಬೆಳೆದ ಬಯಲಿನಲ್ಲಿ ಈಗ ಬಲೆ ಕಟ್ಟಿ ಹಸಿರು ಚಾಪೆ ಹಾಸಿ ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಕೊಡುತ್ತಾರೆ. ಇವನು ಬೆಳಗ್ಗೆ ಐದಕ್ಕೆ ರಸ್ತೆ ಖಾಲಿ ಇದ್ದಾಗ ಗೋಡೆಗೆ ಒದ್ದು ಕಲಿತ. ಒಂದು ಸಲ ದೂರದ ಒಂದು ಕಡೆಯಿಂದ ಆಯ್ಕೆಗೆ ಕರೆ ಬಂತು. ಮೂರು ದಿನ ಇರಬೇಕು, ಬೂಟು ತರಬೇಕು. ಆಯ್ಕೆಯಾದರೆ ಅಲ್ಲೇ ಇಟ್ಟುಕೊಳ್ಳುತ್ತಾರೆ.

ಅವನ ಅಪ್ಪ ನಮ್ಮ ಹತ್ತಿರ ಬಂದು ಕೇಳಿದ. ‘ಅಣ್ಣಾ, ನೀವು ಆಟ ತಿಳಿದೋರು. ಕಳಿಸ್ಲಾ ಬ್ಯಾಡ್ವಾ ಹೇಳಿ.’

ಆ ಕಾಲದಲ್ಲಿ ಆಗಿದ್ದರೆ ಕಳಿಸು ಅನ್ನುತ್ತಿದ್ದೆವು. ಎಚ್‌ಎಎಲ್ ಇತ್ತು, ಐಟಿಐ ಇತ್ತು, ಬಿಇಎಂಎಲ್ ಇತ್ತು. ಚೆನ್ನಾಗಿ ಆಡುವವನಿಗೆ ಕಾರ್ಖಾನೆಯಲ್ಲಿ ಒಂದು ಕೆಲಸ, ಕ್ಯಾಂಟೀನಿನ ಊಟ, ಸಂಜೆ ಪ್ರಾಕ್ಟೀಸಿಗೆ ಬಿಡುವು. ಕಾಲು ಮುರಿದರೂ ಸಂಬಳ ನಿಲ್ಲುತ್ತಿರಲಿಲ್ಲ. ಆ ಒಂದು ಧೈರ್ಯದ ಮೇಲೆ ಬಡವರು ಮಕ್ಕಳನ್ನು ಮೈದಾನಕ್ಕೆ ಬಿಟ್ಟರು. ಎಚ್‌ಎಎಲ್ ತಂಡ 2011-12ರ ತನಕ ಐ-ಲೀಗಿನಲ್ಲಿತ್ತು. ಆಮೇಲೆ ಆ ಬಾಗಿಲೂ ಹಾಕಿಕೊಂಡಿತು. ಇವನು ಕೇಳಿದಾಗ ಯಾವ ಧೈರ್ಯ ಕೊಡಲು ನಮ್ಮ ಹತ್ತಿರ ಏನಿತ್ತು? ‘ಬ್ಯಾಡ ಕಣಯ್ಯಾ, ಕೆಲಸಕ್ಕೆ ಹಚ್ಚು’ ಅಂದೆವು. ಹುಡುಗ ಬಾಗಿಲ ಹತ್ತಿರವೇ ನಿಂತಿದ್ದ. ಒಂದು ಮಾತೂ ಆಡಲಿಲ್ಲ.

ಈಗ ಅವನು ಬೈಕಿನಲ್ಲಿ ಊಟದ ಪೊಟ್ಟಣ ಹಂಚುತ್ತಾನೆ. 2025ರ ಫೈನಲ್ಲಿನ ರಾತ್ರಿ ಟೀ ಅಂಗಡಿಗೆ ಎರಡು ನಿಮಿಷ ಬಂದು, ಹೆಲ್ಮೆಟ್ಟು ತೆಗೆಯದೆ ನೋಡಿ, ಆರ್ಡರು ಬಂತೆಂದು ಹೋದ. ಅವನು ಆ ಆಯ್ಕೆಯಲ್ಲಿ ಗೆಲ್ಲುತ್ತಿದ್ದನೋ ಇಲ್ಲವೋ ಯಾರಿಗೆ ಗೊತ್ತು. ಸೋಲುವ ಹಕ್ಕಾದರೂ ಅವನಿಗಿತ್ತು. ಅದನ್ನು ಕಿತ್ತುಕೊಂಡವರು ಆಟ ತಿಳಿದವರಾದ ನಾವು.

ನಮ್ಮ ಸಲಹೆ ಪೂರ್ತಿ ತಪ್ಪಾಗಿತ್ತು ಅಂತಲೂ ಹೇಳಲಾರೆವು. 2025ರ ಆಗಸ್ಟಿನಲ್ಲಿ, ಲೀಗು ನಡೆಯುವುದೇ ಅನುಮಾನ ಎಂದಾಗ, ಇದೇ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಫೆಡರೇಶನ್ನು ಮತ್ತು ಲೀಗು ನಡೆಸುವ ಕಂಪೆನಿಯ ನಡುವಿನ ಕರಾರು ಮುಗಿಯುತ್ತಾ ಬಂದಿತ್ತು, ಹೊಸದು ಆಗಿರಲಿಲ್ಲ. ದೊಡ್ಡವರು ಮೇಜಿನ ಸುತ್ತ ಕೂತು ಜಗಳವಾಡಿದರೆ ಆಡುವವನ ಮನೆಯ ಅಕ್ಕಿ ನಿಲ್ಲುತ್ತದೆ. ಕೂಲಿ ನಿಂತರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಶದ ದೊಡ್ಡ ಆಟಗಾರರ ಗತಿಯೇ ಇದಾದರೆ ಪೌರಕಾರ್ಮಿಕನ ಮಗ ಯಾವ ನಂಬಿಕೆಯ ಮೇಲೆ ಬೂಟು ಕಟ್ಟಬೇಕು?

ಆದ್ದರಿಂದ ನಮ್ಮ ಟೀಮಿಗೆ ಯಾರು ಬೇಕು ಎಂಬ ಪ್ರಶ್ನೆಗೆ ನಮ್ಮ ಉತ್ತರ ಈಗ ಬದಲಾಗಿದೆ. ಎತ್ತರದ ಬ್ಯಾಕು ಬೇಕು, ಫಾರ್ವರ್ಡ್ ಬೇಕು, ನಿಜ. ಅದಕ್ಕೂ ಮೊದಲು ಕೇರಿಗೊಂದು ಬಾಡಿಗೆ ಇಲ್ಲದ ಬಯಲು ಬೇಕು. ಆಯ್ಕೆಗೆ ಕರೆದವರು ಬಸ್ ಚಾರ್ಜು, ಬೂಟು ತಾವೇ ಕೊಡಬೇಕು. ಹದಿನಾರರಿಂದ ಇಪ್ಪತ್ತರ ತನಕ ಆಡುವ ಹುಡುಗನ, ಹುಡುಗಿಯ ಮನೆಗೆ ತಿಂಗಳಿಗೆ ಏನಾದರೂ ಮುಟ್ಟಬೇಕು. ಕಾಲು ಮುರಿದರೆ ಓದು, ಕೆಲಸ ಎರಡರಲ್ಲಿ ಒಂದು ಸಿಗುತ್ತದೆ ಅಂತ ಬರೆದುಕೊಡಬೇಕು. ಸರ್ಕಾರ ಮಾಡಲಿ, ಕಂಪೆನಿ ಮಾಡಲಿ. ಕೇಳುವವರು ನಾವಾಗಬೇಕು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೂ ಒಂದು ಮಾತು. ಪಿ.ಟಿ. ಪೀರಿಯಡ್ಡನ್ನು ಲೆಕ್ಕಕ್ಕೆ ಕೇಳಿ ತಗೊಳ್ಳಬೇಡಿ. ನಿಮ್ಮ ಶಾಲೆಯ ಬಯಲಿಗೆ ಇನ್ನೂ ಯಾರೂ ಬಾಡಿಗೆ ಕಟ್ಟಿಲ್ಲ. ಒಂದು ಚೆಂಡು ಕೊಟ್ಟು ನೋಡಿ. ಯಾವ ಕೇರಿಯ ಮಗು ಮೊದಲು ಓಡುತ್ತದೆ ಅಂತ ನೋಡಿ. ಯಾರನ್ನು ಬದಿಗೆ ನಿಲ್ಲಿಸುತ್ತಾರೆ ಅನ್ನೋದನ್ನೂ ನೋಡಿ.

ನಾವಂತೂ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಕಂಠೀರವಕ್ಕೆ ಹೋಗುವುದನ್ನು ಬಿಡುವುದಿಲ್ಲ, ಬೈಯುವುದನ್ನೂ ಬಿಡುವುದಿಲ್ಲ. ಆದರೆ ಅಶೋಕನಗರದಲ್ಲಿ ಊರಿನ ಲೀಗಿನ ಆಟ ನಡೆಯುವಾಗ ಗ್ಯಾಲರಿಯಲ್ಲಿ ಇಪ್ಪತ್ತು ಜನವೂ ಇರುವುದಿಲ್ಲ, ಆ ಇಪ್ಪತ್ತರಲ್ಲಿ ನಾವು ಒಂದು ದಿನವೂ ಇರಲಿಲ್ಲ. ಇನ್ನು ಮೇಲೆ ಹೋಗುತ್ತೇವೆ. ಆ ಹುಡುಗನನ್ನೂ ಕರೆದಿದ್ದೇವೆ. ಭಾನುವಾರ ಆರ್ಡರು ಜಾಸ್ತಿ ಇರುತ್ತದೆ, ಬಿಡುವಾದರೆ ಬರ್ತೀನಿ ಅಂದಿದ್ದಾನೆ.