ಗೊತ್ತಿದ್ದೂ ಮಲಗದ ನಾವು

1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯ ಪತ್ತೆಗೆ ಎಕ್ಸ್‌ರೇ ಸೌಲಭ್ಯ ಕೊಟ್ಟರೂ ಬಹಳ ಮಂದಿ ಅತ್ತ ಸುಳಿಯಲಿಲ್ಲ. ಕಾರಣ ಹುಡುಕಿದ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದವರಿಂದ ‘ಆರೋಗ್ಯ ನಂಬಿಕೆ ಮಾದರಿ’ ಹುಟ್ಟಿತು. ಅದರ ಪ್ರಕಾರ, ಕಾಯಿಲೆ ನನಗೂ ಬಂದೀತು, ಬಂದರೆ ಕಷ್ಟ, ಉಪಾಯದ ಲಾಭ ಅದರ ತೊಡಕಿಗಿಂತ ದೊಡ್ಡದು ಎನಿಸಿದರೆ ಮಾತ್ರ ಮನುಷ್ಯ ಕದಲುತ್ತಾನೆ. ಪಿಕೆಟಿಬಿ ಕ್ಷಯರೋಗ ಆಸ್ಪತ್ರೆ ಇರುವ ನಮ್ಮ ಮೈಸೂರಿಗೆ ಇದು ದೂರದ ಮಾತಲ್ಲ: ಆಸ್ಪತ್ರೆ ಇದ್ದರೆ ಸಾಲದು, ಹೋಗುವ ಮನಸ್ಸೂ ಆಗಬೇಕು.

ನನ್ನ ಕೆಟ್ಟ ನಿದ್ದೆಗೂ ಈ ಮಾದರಿಯನ್ನು ಹಚ್ಚಿ ನೋಡುತ್ತಿದ್ದೇನೆ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು, ಸದಾ ಕಡಿಮೆಯಾದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಸಂಭವ ಹೆಚ್ಚು ಎಂಬುದು ಗೊತ್ತೇ ಇದೆ. ಆದರೆ ಆ ನಷ್ಟ ಎಂದೋ ಬರುವಂಥದ್ದು, ಮೊಬೈಲಿನ ಸುಖ ಈ ಕ್ಷಣದ್ದು. ಆದ್ದರಿಂದ ಇನ್ನಷ್ಟು ಹೆದರಿಸುವುದಕ್ಕಿಂತ ತೊಡಕು ತಗ್ಗಿಸುವುದೇ ಮೇಲು. ಚಾರ್ಜರನ್ನು ಕೋಣೆಯಾಚೆ ಇಡುವುದು, ಭಾನುವಾರವೂ ಅದೇ ಹೊತ್ತಿಗೆ ಏಳುವುದು. ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಇದೆಲ್ಲ ಬರೀ ಉಪದೇಶ ಎನ್ನಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ತೊಡಕು ಎಲ್ಲಿದೆ ಎಂದು ಕೇಳುವ ಮಾದರಿ ಅವರ ವಿಷಯದಲ್ಲಿ ಬೆರಳು ತೋರಿಸುವುದು ಪಾಳಿಯ ಪಟ್ಟಿಯತ್ತ, ಮತ್ತು ಅದನ್ನು ತಿದ್ದುವ ಅಧಿಕಾರ ಆಡಳಿತದವರ ಕೈಯಲ್ಲಿದೆ.