ಉಳಿದ ಬೆಳಕು

ದಣಿದ ಸೆಲ್ಲಿಗೆ ಮನೆಮನೆಗಳಲ್ಲಿ ನಡೆಯುವ ಉಪಚಾರ ಬಗೆಬಗೆಯದು. ಟಾರ್ಚಿನ ಬೆಳಕು ಮಂಕಾಯಿತೆಂದರೆ ಒಬ್ಬರು ಅದರ ಬೆನ್ನಿಗೆ ಗುದ್ದುತ್ತಾರೆ. ಇನ್ನೊಬ್ಬರು ಸೆಲ್ಲುಗಳನ್ನು ಹೊರತೆಗೆದು ಹಿಂದಿನದನ್ನು ಮುಂದಕ್ಕೆ ಹಾಕಿ ನೋಡುತ್ತಾರೆ. ಮತ್ತೊಬ್ಬರು ಹಪ್ಪಳ ಸಂಡಿಗೆಗಳ ಪಕ್ಕದಲ್ಲಿಯೇ ಅವನ್ನೂ ಬಿಸಿಲಿಗಿಡುತ್ತಾರೆ. ಇಷ್ಟಾದರೂ ಚೇತರಿಸಿಕೊಳ್ಳದ ಸೆಲ್ಲು ಸತ್ತಿತೆಂದು ತೀರ್ಮಾನವಾಗುತ್ತದೆ. ಆದರೆ ಅದು ನಿಜವಾಗಿಯೂ ಸತ್ತಿದೆಯೇ ಎಂದು ಕೇಳುವವರು ವಿರಳ.

ಹಾಗೆ ಕೇಳಿದವನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗ. ಅಜ್ಜಿ ಕಿಟಕಿಯಲ್ಲಿ ಬಿಸಿಲಿಗಿಟ್ಟು ಮರೆತಿದ್ದ ಐದಾರು ಸೆಲ್ಲುಗಳನ್ನು ಅವನು ಮಲ್ಟಿಮೀಟರಿನಿಂದ ಅಳೆದು ನೋಡಿದನು. ಹೊಸ ಸೆಲ್ಲಿನಲ್ಲಿ 1.5 ವೋಲ್ಟ್ ಇರಬೇಕು. ಇವುಗಳಲ್ಲಿ ಇನ್ನೂ 1.1 ವೋಲ್ಟಿನಷ್ಟು ಉಳಿದಿತ್ತು.

“ಅಜ್ಜಿ, ಇವು ಸತ್ತಿಲ್ಲ” ಎಂದನು.

“ಸಾಯದಿದ್ದರೆ ದೀಪ ಯಾಕಪ್ಪ ಹತ್ತುವುದಿಲ್ಲ?” ಎಂದು ಅಜ್ಜಿ ಕೇಳಿದಳು.

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಬಾವಿಯಲ್ಲಿ ನೀರಿದ್ದ ಮಾತ್ರಕ್ಕೆ ಗದ್ದೆ ನೆನೆಯುವುದಿಲ್ಲ. ನೀರು ಗದ್ದೆಯ ಮಟ್ಟಕ್ಕೆ ಏರಬೇಕು. ಎಲ್.ಇ.ಡಿ. ಎಂದು ಕರೆಯಲಾಗುವ ಬೆಳಕು ಸೂಸುವ ಡಯೋಡು ಅಂತಹ ಎತ್ತರದ ಗದ್ದೆ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿ ತೋರಿಸಿದರು. ಪ್ರಖರವಾದ ನೀಲಿ ಬೆಳಕಿನದು ದೊರೆಯಲು ಮತ್ತೆ ಮೂರು ದಶಕಗಳು ಬೇಕಾದವು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಕಾಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ನೀಲಿ ಎಲ್.ಇ.ಡಿ.ಯ ಮೇಲೆ ಬಣ್ಣ ಬದಲಿಸುವ ಲೇಪವನ್ನು ಕೊಟ್ಟು ಬಿಳಿಯ ಬೆಳಕನ್ನು ಪಡೆಯುತ್ತಾರೆ. ಇದು ಬೆಳಗಲು ಸುಮಾರು 3 ವೋಲ್ಟ್ ಬೇಕು. 1.1 ವೋಲ್ಟಿನ ಸೆಲ್ಲಿಗೆ ನೇರವಾಗಿ ಜೋಡಿಸಿದರೆ ಮಿಣುಕು ಕೂಡ ಕಾಣದು.

ಹಾಗಾದರೆ ಬಾವಿಯ ನೀರನ್ನು ಮೇಲೆತ್ತಲು ಒಂದು ಏತ ಬೇಕು. ಇಂಗ್ಲೆಂಡಿನ ‘ಎವೆರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಎಂಬ ಮಾಸಪತ್ರಿಕೆಯ 1999ರ ನವೆಂಬರ್ ಸಂಚಿಕೆಯಲ್ಲಿ, ಓದುಗರೊಬ್ಬರು ಬರೆದು ಕಳುಹಿಸಿದ ಅಂತಹುದೊಂದು ಏತ ಪ್ರಕಟವಾಯಿತು. ಅದರ ಸಾಮಗ್ರಿ ಅಂಗೈಯಲ್ಲಿ ಹಿಡಿಯುವಷ್ಟು: ಒಂದು ಟ್ರಾನ್ಸಿಸ್ಟರು, ಒಂದು ರೋಧಕ, ಒಂದು ಎಲ್.ಇ.ಡಿ., ಮತ್ತು ಎರಡು ತಂತಿಗಳನ್ನು ಸುತ್ತಿದ ಒಂದು ಫೆರೈಟ್ ಉಂಗುರ. ಹವ್ಯಾಸಿಗಳು ಮುಂದೆ ಇದನ್ನು ‘ಜೂಲ್ ಕಳ್ಳ’ ಎಂದು ವಿನೋದವಾಗಿ ಕರೆದರು. ಜೂಲ್ ಎಂಬುದು ಶಕ್ತಿಯ ಅಳತೆ; ಸತ್ತ ಸೆಲ್ಲಿನ ಜೇಬಿಗೂ ಕೈಹಾಕಿ ಕಡೆಯ ಕಾಸನ್ನು ಎತ್ತುವ ಕಳ್ಳನಿದು ಎಂದು ಅದರ ಅರ್ಥ.

ಕಳ್ಳನ ಕೈಚಳಕ ಇಷ್ಟೇ. ಒಂದು ಸುರುಳಿಯ ಮೂಲಕ ಸ್ವಲ್ಪ ವಿದ್ಯುತ್ತು ಟ್ರಾನ್ಸಿಸ್ಟರನ್ನು ತೆರೆಯುತ್ತದೆ. ತೆರೆದೊಡನೆ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತು ಏರತೊಡಗಿ ಉಂಗುರದಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ಬದಲಾಗುವ ಕಾಂತಕ್ಷೇತ್ರ ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆಯೆಂದು ಮೈಕೆಲ್ ಫ್ಯಾರಡೆ 1831ರಲ್ಲಿಯೇ ಕಂಡುಕೊಂಡಿದ್ದನು. ಆ ಪ್ರೇರಣೆಯಿಂದ ಮೊದಲ ಸುರುಳಿ ಟ್ರಾನ್ಸಿಸ್ಟರನ್ನು ಇನ್ನಷ್ಟು ತೆರೆಯುತ್ತದೆ. ಕಡೆಗೆ ವಿದ್ಯುತ್ತು ಏರಲಾರದ ಮಿತಿ ಬಂದಾಗ ಪ್ರೇರಣೆ ನಿಲ್ಲುತ್ತದೆ. ಬಾಗಿಲು ಥಟ್ಟನೆ ಮುಚ್ಚುತ್ತದೆ. ಆಗ ಕುಸಿಯುವ ಕಾಂತಕ್ಷೇತ್ರ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಎತ್ತರದ ವೋಲ್ಟಿನಲ್ಲಿ ಎಲ್.ಇ.ಡಿ.ಯ ಮೇಲೆ ಸುರಿಯುತ್ತದೆ. ಏತ ಮತ್ತೆ ಬಾವಿಗಿಳಿಯುತ್ತದೆ. ಇದು ಒಂದು ಸೆಕೆಂಡಿನಲ್ಲಿ ಹತ್ತಾರು ಸಾವಿರ ಬಾರಿ ನಡೆಯುತ್ತದೆ. ಕಣ್ಣಿಗೆ ಮಾತ್ರ ಅದು ಅಲುಗದ ದೀಪ.

ಹುಡುಗನು ರೇಡಿಯೋ ದುರಸ್ತಿಯ ಅಂಗಡಿಯಿಂದ ಸಾಮಾನುಗಳನ್ನು ತಂದು, ಉಂಗುರಕ್ಕೆ ಇಪ್ಪತ್ತು ಇಪ್ಪತ್ತು ಸುತ್ತು ತಂತಿ ಸುತ್ತಿ, ಎಲ್ಲವನ್ನೂ ಜೋಡಿಸಿದನು. ದೀಪ ಹತ್ತಲಿಲ್ಲ. ಟ್ರಾನ್ಸಿಸ್ಟರನ್ನು ಬದಲಾಯಿಸಿದನು, ಹತ್ತಲಿಲ್ಲ. ಮೂರನೆಯ ದಿನ ತಿಳಿಯಿತು, ಒಂದು ಸುರುಳಿಯ ತುದಿಗಳು ಅದಲುಬದಲಾಗಿದ್ದವು. ಹಾಗಾದಾಗ ಪ್ರೇರಣೆಯು ಬಾಗಿಲನ್ನು ತೆರೆಯುವ ಬದಲು ಮುಚ್ಚಲು ಹವಣಿಸುತ್ತದೆ. ತುದಿಗಳನ್ನು ತಿರುಗಿಸಿ ಜೋಡಿಸಿದ ಕ್ಷಣವೇ ಬಿಳಿಯ ಬೆಳಕು ಮೇಜಿನ ಮೇಲೆ ಚೆಲ್ಲಿತು. ಅಜ್ಜಿ ದೇವರ ಕೋಣೆಯಿಂದ ಬಂದು ನೋಡಿ, “ಅದೇ ಸೆಲ್ಲೇನೋ?” ಎಂದಳು. ಅದೇ ಸೆಲ್ಲು.

ಕಷ್ಟ ಶುರುವಾದದ್ದು ಆ ಬಳಿಕ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಳತೆಗಳ ಪಟ್ಟಿಯೊಂದನ್ನು ಬರೆದಿಡಬೇಕಾಗಿತ್ತು. ಉರಿಯುತ್ತಿದ್ದ ಎಲ್.ಇ.ಡಿ.ಯ ಎರಡು ಕಾಲುಗಳಿಗೆ ಅವನು ಮಲ್ಟಿಮೀಟರಿನ ಕಡ್ಡಿಗಳನ್ನು ಮುಟ್ಟಿಸಿದನು. ಮೂರು ವೋಲ್ಟಿಗಿಂತ ಮೇಲೆ ಕಾಣಬೇಕೆಂಬುದು ಅವನ ನಿರೀಕ್ಷೆ. ಮೀಟರು ತೋರಿಸಿದ್ದು 1.1 ವೋಲ್ಟ್. ಸೆಲ್ಲಿನಲ್ಲಿ ಎಷ್ಟೋ ದೀಪದಲ್ಲಿಯೂ ಅಷ್ಟೇ! ಅಷ್ಟು ವೋಲ್ಟಿನಲ್ಲಿ ಹತ್ತಲಾರದ ದೀಪ ಕಣ್ಣೆದುರಿಗೆ ಹತ್ತಿ ಉರಿಯುತ್ತಿತ್ತು. ಮೀಟರು ಕೆಟ್ಟಿತೇ ಎಂದು ಹೊಸ ಸೆಲ್ಲನ್ನು ಅಳೆದನು. ಅದು ಸರಿಯಾಗಿಯೇ ಹೇಳಿತು.

ಪಟ್ಟಿಯಲ್ಲಿ 1.1 ಎಂದು ಬರೆದರೆ ನೋಡಿದವರು ನಗುತ್ತಾರೆ, 3.1 ಎಂದು ಬರೆದರೆ ಯಾರೂ ಕೇಳುವುದಿಲ್ಲ. ಮೊದಲು ಬರೆದದ್ದನ್ನು ಅಳಿಸಿ 3.1 ಎಂದು ತಿದ್ದಿದನು. ಸೆಲ್ಲನ್ನು ಕೆಲಸಕ್ಕೆ ಬಾರದೆಂದು ಬಿಸಾಡುವವರನ್ನು ಕಂಡು ಮರುಗಿದ ಹುಡುಗನು, ಅರ್ಥವಾಗದ ಅಂಕಿಯನ್ನು ಹಾಗೆಯೇ ಬಿಸಾಡಿದ್ದನು. ರಾತ್ರಿಯೆಲ್ಲ ಆ ಅಂಕಿ ಅವನನ್ನು ಚುಚ್ಚಿತು. ಬೆಳಗಾಗುತ್ತಲೇ ಮತ್ತೆ 1.1 ಎಂದು ಬರೆದುಕೊಂಡು ವಿಜ್ಞಾನದ ಉಪಾಧ್ಯಾಯರ ಮುಂದೆ ನಿಂತನು.

“ಸಾರ್, ಮೀಟರು ಹೀಗೆ ಹೇಳುತ್ತದೆ. ಯಾಕೆಂದು ಗೊತ್ತಾಗುತ್ತಿಲ್ಲ.”

ಉಪಾಧ್ಯಾಯರು ನಗಲಿಲ್ಲ. “ಒಳ್ಳೆಯ ತಪ್ಪನ್ನು ತಂದಿದ್ದೀಯಪ್ಪ” ಎಂದು, ಅವನನ್ನು ಸಮೀಪದ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಗೆ ಕರೆದೊಯ್ದರು. ಅಲ್ಲಿ ಆಸಿಲೋಸ್ಕೋಪು ಇತ್ತು. ಕ್ಷಣಕ್ಷಣವೂ ಬದಲಾಗುವ ವೋಲ್ಟನ್ನು ತೆರೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ ಈ ಉಪಕರಣದ ಮೂಲ, ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರಚಿಸಿದ ಕ್ಯಾಥೋಡ್ ಕಿರಣ ನಳಿಕೆ. ತೆರೆಯ ಮೇಲೆ ಸಾಲುಸಾಲಾಗಿ ಚೌಕ ಗೋಪುರಗಳು ಮೂಡಿದವು. ಕಾಲದ ಮೂರರಲ್ಲಿ ಸುಮಾರು ಎರಡು ಪಾಲು ವೋಲ್ಟು ಸೊನ್ನೆಯ ಬಳಿ ಮಲಗಿತ್ತು. ಉಳಿದ ಒಂದು ಪಾಲು ಮೂರನ್ನು ದಾಟಿ ನೆಟ್ಟಗೆ ನಿಂತಿತ್ತು. ಇವೆರಡರ ಸರಾಸರಿ ಒಂದು ವೋಲ್ಟಿನ ಆಸುಪಾಸು. ಮಲ್ಟಿಮೀಟರು ಸುಳ್ಳಾಡಿರಲಿಲ್ಲ. ಅದು ಸರಾಸರಿಯನ್ನು ಹೇಳುವ ಉಪಕರಣ, ಸರಾಸರಿಯನ್ನೇ ಹೇಳಿತ್ತು.

ಆ ಸರಾಸರಿ ಸೆಲ್ಲಿನ ವೋಲ್ಟಿಗೇ ಸಮನಾದದ್ದೂ ಆಕಸ್ಮಿಕವಲ್ಲ. ಸುರುಳಿ ಒಂದು ಕ್ಷಣ ವೋಲ್ಟನ್ನು ತಾನೇ ತಡೆದುಕೊಳ್ಳುತ್ತದೆ, ಮರುಕ್ಷಣ ಕೂಡಿಸಿ ಕೊಡುತ್ತದೆ. ಒಂದು ಸುತ್ತು ಮುಗಿಯುವಾಗ ಅದರ ಲೆಕ್ಕ ಚುಕ್ತವಾಗಿರುತ್ತದೆ. ವೋಲ್ಟು ಹೆಚ್ಚಿದಾಗ ವಿದ್ಯುತ್ತಿನ ಪ್ರಮಾಣ ತಗ್ಗುತ್ತದೆ. ಶಕ್ತಿಯನ್ನು ಯಾರೂ ಹೊಸದಾಗಿ ಸೃಷ್ಟಿಸಲಾರರೆಂಬ ನಿಯಮವನ್ನು ಪ್ರಯೋಗಗಳಿಂದ ಬಲಪಡಿಸಿದ ಜೇಮ್ಸ್ ಜೂಲ್‌ನ ಹೆಸರು ಹೊತ್ತ ಈ ಕಳ್ಳನೂ ಆ ನಿಯಮಕ್ಕೆ ತಲೆಬಾಗಲೇಬೇಕು. ಕೊಂಚ ಶಕ್ತಿ ದಾರಿಯಲ್ಲಿಯೇ ಶಾಖವಾಗಿ ಸೋರಿಹೋಗುತ್ತದೆ. ಸೆಲ್ಲು 0.6 ವೋಲ್ಟಿನ ಸಮೀಪಕ್ಕೆ ಇಳಿದಾಗ ಟ್ರಾನ್ಸಿಸ್ಟರು ತೆರೆಯಲಾರದೆ ಏತವೂ ನಿಲ್ಲುತ್ತದೆ.

ಪ್ರದರ್ಶನದ ದಿನ ಹುಡುಗನ ಪಟ್ಟಿಯಲ್ಲಿ 1.1 ಎಂಬ ಅಂಕಿಯೇ ಇತ್ತು. ಅದರ ಪಕ್ಕದಲ್ಲಿ ಗೋಪುರಗಳ ಚಿತ್ರವೂ ಇತ್ತು. ನೋಡಲು ಬಂದವರು ಮೊದಲು ಅಂಕಿಯನ್ನು ಪ್ರಶ್ನಿಸಿದರು, ಬಳಿಕ ಚಿತ್ರದ ಮುಂದೆ ನಿಂತು ಕೇಳಿದರು. ಅಳಿಸಿ ತಿದ್ದಿದ್ದರೆ ಆ ಪ್ರಶ್ನೆಯೂ ಇಲ್ಲ, ಆ ಉತ್ತರವೂ ಇಲ್ಲ.

ಮನೆಯಲ್ಲಿ ಆ ಪುಟ್ಟ ದೀಪ ಈಗ ಅಜ್ಜಿಯ ಹಾಸಿಗೆಯ ಬಳಿ ಇದೆ. ರಾತ್ರಿ ನೀರಿಗೆಂದು ಎದ್ದಾಗ ಚೊಂಬು ಕಾಣುವಷ್ಟು ಬೆಳಕು ಅದರಲ್ಲಿದೆ. ಸೆಲ್ಲುಗಳನ್ನು ಅಜ್ಜಿ ಈಗ ಬಿಸಿಲಿಗಿಡುವುದಿಲ್ಲ; ಮೊಮ್ಮಗನ ಮೇಜಿನ ಮೇಲೆ ಇಡುತ್ತಾಳೆ.